ಕೈ ಕೊಡಬ್ಯಾಡ

ನಸೀಬಾ ನನಗೆ "ತಾವು" ಎಂದ ದಿನ ನಾನು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಲಿಲ್ಲ. ನಗಬೇಡಿ. ನಮ್ಮ ಕಡೆ ಗೆಳತಿಯರ ನಡುವೆ "ತಾವು" ಬಂತೆಂದರೆ ಸ್ನೇಹ ಮುರಿಯಿತು ಅಂತಲೇ ಅರ್ಥ. ಬೈದರೆ ಬೈಯಲಿ, ಬೆನ್ನಿಗೊಂದು ಗುದ್ದಲಿ, ಅದನ್ನು ತಡೆದುಕೊಳ್ಳಬಹುದು. ಮರ್ಯಾದೆ ಕೊಟ್ಟರೆ ಮಾತ್ರ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ.

ನಾನು ಕಾಂತಾ. ಬೆಳಗಾವಿಯ ಖಡೇಬಜಾರದಲ್ಲಿ ನಮ್ಮ ಗೋಡಂಬಿ ಕಂಪನಿಯ ಆಫೀಸಿದೆ. ಗಿರಾಕಿಗಳ ಆರ್ಡರು ಹಿಡಿಯುವುದು, ಯಾರಿಗೆ ಯಾವ ಮಾಲು ಯಾವಾಗ ಹೋಗಬೇಕೆಂದು ಹೇಳುವುದು ನನ್ನ ಕೆಲಸ. ಕಾರ್ಖಾನೆ ಇರುವುದು ಖಾನಾಪುರದಲ್ಲಿ, ಜಾಂಬೋಟಿ ರಸ್ತೆಗೆ. ಅಲ್ಲಿ ಇಡೀ ಗೋಡಂಬಿ ಬೇರೆ, ತುಕಡಿ ಬೇರೆ ಮಾಡಿಸಿ ಡಬ್ಬಿ ತುಂಬಿಸುವವಳು ನಸೀಬಾ. ಮೊದಲು ನಾವಿಬ್ಬರೂ ಅಲ್ಲಿ ಒಂದೇ ಮೇಜಿಗೆ ಕುಳಿತು ಗೋಡಂಬಿ ಆರಿಸಿದವರು. ಆಫೀಸು ಬೆಳಗಾವಿಗೆ ಬಂದಾಗ ನಾನು ಇತ್ತ ಬಂದೆ, ಅವಳು ಅಲ್ಲೇ ಉಳಿದಳು. ಆದರೂ ದಿನಕ್ಕೆ ಹತ್ತು ಸಲ ಫೋನು ಇದ್ದೇ ಇತ್ತು.

"ಏ ಖೋಡಿ, ಎಲ್ಲಿ ಸತ್ತಿದ್ದಿ? ಹುಬ್ಬಳ್ಳಿ ಮಾಲು ಏನಾತು?" ಎಂದು ನಾನು ಕೇಳುವುದು.

"ನಿನ್ನ ಬಾಯಾಗ ಮಣ್ಣ ಹಾಕ, ಲಾರಿ ಹೋಗಿ ತಾಸಾತು" ಎಂದು ಅವಳು ಹೇಳುವುದು.

ಅಷ್ಟರಲ್ಲಿ ಕೆಲಸ ಮುಗಿಯುತ್ತಿತ್ತು. ಅವಳು "ಹೂಂ" ಎನ್ನುವ ದನಿಯಲ್ಲೇ ಮಾಲು ತಯಾರಾಗಿದೆಯೋ, ಇನ್ನೂ ಒಲೆಯ ಮೇಲಿದೆಯೋ, ಮನೆಯಲ್ಲಿ ಅತ್ತೆಯ ಕೂಡ ಜಗಳ ಮಾಡಿಕೊಂಡು ಬಂದಿದ್ದಾಳೋ, ಎಲ್ಲವೂ ನನಗೆ ತಿಳಿಯುತ್ತಿತ್ತು. ನನ್ನ ಬಾಯಿ ಖಾರ ಅನ್ನುವುದು ಇಡೀ ಖಡೇಬಜಾರಕ್ಕೆ ಗೊತ್ತು. ಆ ಖಾರವನ್ನು ನಗುತ್ತ ನುಂಗಿದವಳು ಅವಳೊಬ್ಬಳೇ.

ಆಮೇಲೆ ಮಾಲಕರಿಗೆ ಮೈಯಲ್ಲಿ ಆರಾಮಿಲ್ಲದಂತಾಗಿ ಅವರ ಮಗ ಅನಿಕೇತ ಕುರ್ಚಿಗೆ ಬಂದ. ಸುಳ್ಳು ಯಾಕೆ ಹೇಳಲಿ, ಕೆಟ್ಟ ಹುಡುಗನಲ್ಲ. ಆದರೆ ಮನುಷ್ಯರ ಮುಖ ನೋಡಿ ಮಾತಾಡುವುದೆಂದರೆ ಅವನಿಗೆ ಜ್ವರ ಬರುತ್ತದೆ. ಪಕ್ಕದ ಕೋಣೆಯಲ್ಲಿ ಕುಳಿತು ನನಗೆ "ಚಹಾ ತರಿಸಿ" ಎಂದು ಮೊಬೈಲಿನಲ್ಲಿ ಬರೆಯುವವನು ಅವನು. ನಡುವೆ ಇರುವುದು ಒಂದು ಪ್ಲೈವುಡ್ ಗೋಡೆ, ಕೆಮ್ಮಿದರೂ ಕೇಳುತ್ತದೆ.

ಬಂದು ಸ್ವಲ್ಪ ದಿನಕ್ಕೇ ಅವನು ಹೊಸ ಆ್ಯಪ್ ಹಾಕಿಸಿದ.

"ಫೋನಿನಾಗ ಮಾತಾಡಿದ್ದಕ್ಕ ರೆಕಾರ್ಡ್ ಇರೂದಿಲ್ರಿ ಕಾಂತಾ ಮೇಡಂ. ನಾ ಹೇಳಿದ್ದೆ, ನೀ ಹೇಳಿಲ್ಲ ಅಂತ ಬರೇ ಜಗಳ. ಇನ್ನ ಮ್ಯಾಲ ಕೆಲಸದ್ದ ಏನಿದ್ರೂ ಆ್ಯಪಿನಾಗ" ಎಂದ.

"ನಸೀಬಾಗ ಕನ್ನಡ ಓದಾಕ ಬರೂದಿಲ್ರಿ ಸರ್. ಮಾತು ಬರ್ತೈತಿ, ಅಕ್ಷರ ಇಲ್ಲ. ಆಕಿ ಮರಾಠಿ ಸಾಲ್ಯಾಗ ಕಲತಾಕಿ" ಎಂದೆ.

"ಅದರ ಚಿಂತಿ ಬಿಡ್ರಿ. ನೀವು ಕನ್ನಡದಾಗ ಹಾಕಿದ್ದು ಅವ್ರಿಗೆ ಮರಾಠಿಯಾಗ ಕಾಣ್ತೈತಿ. ಅವ್ರು ಮರಾಠಿಯಾಗ ಹಾಕಿದ್ದು ನಿಮಗ ಕನ್ನಡದಾಗ ಬರ್ತೈತಿ. ಟೈಪ್ ಮಾಡೂ ಕೆಲಸಾನೂ ಇಲ್ಲ, ಫೋನಿನ ಮುಂದ ಅಂದ್ರ ಸಾಕು, ತಾನ ಬರಕೋತೈತಿ."

ಅಕ್ಷರ ಬದಲಾಗುತ್ತದೆ, ಮಾತು ಅದೇ ಇರುತ್ತದೆ ಎಂದುಕೊಂಡೆ ನಾನು. ಬೆಳಗಾವಿಯಲ್ಲಿ ಹುಟ್ಟಿ ಎರಡೂ ಭಾಷೆ ಕೇಳಿಕೊಂಡು ಬೆಳೆದವಳಿಗೆ ಇಷ್ಟೂ ಬುದ್ಧಿ ಇರಲಿಲ್ಲವೇ ಎಂದು ನೀವು ಕೇಳಬಹುದು. ಇರಲಿಲ್ಲ.

ಮೊದಲನೇ ದಿನ ನಾನು ಎಂದಿನಂತೆ, "ಏ ಖೋಡಿ, ಮಡಗಾಂವ ಮಾಲು ಎಲ್ಲಿಗೆ ಬಂತು?" ಎಂದು ಕೇಳಿದೆ. ಉತ್ತರ ಬಂತು: "ನಮಸ್ಕಾರ ಕಾಂತಾ ಅವರೇ. ದಯವಿಟ್ಟು ತಾವು ಕಾಯಿರಿ. ಸಂಜೆ ತಿಳಿಸಲಾಗುವುದು."

ನನಗೆ ಮೈಯೆಲ್ಲ ಉರಿಯಿತು. ಅವರೇ ಅಂತೆ, ತಾವು ಅಂತೆ. ಹೊಸ ಸಾಹೇಬನ ಕಣ್ಣಿಗೆ ದೊಡ್ಡವಳಾಗಿ ಕಾಣಬೇಕೆಂದು ಹೀಗೆ ಬರೆಯುತ್ತಿದ್ದಾಳೆ, ನನ್ನನ್ನು ದೂರ ಇಡುತ್ತಿದ್ದಾಳೆ ಅನಿಸಿತು. ಒಂದು ಫೋನು ಹಚ್ಚಿ "ಏನಾಗೇತಿ ಬೇ ನಿನಗ" ಎಂದು ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನನ್ನ ಸೊಕ್ಕೂ ಕಡಿಮೆಯದಲ್ಲ. ಅವಳಿಗೆ ತಾವು ಬೇಕಾಗಿದ್ದರೆ ನನಗೂ ಬೇಕು ಎಂದು ನಾನು ಸುಮ್ಮನಾದೆ. ಅವಳೂ ಫೋನು ಮಾಡಲಿಲ್ಲ. ಹೀಗೆ ಇಡೀ ಮಳೆಗಾಲ ನಾವಿಬ್ಬರೂ ನಮಸ್ಕಾರ, ಧನ್ಯವಾದ, ತಿಳಿಸಲಾಗುವುದು ಎಂದುಕೊಂಡೇ ಕಳೆದೆವು. ಬ್ಯಾಂಕಿನವರು ಸಾಲಗಾರರ ಕೂಡ ಮಾತಾಡಿದ ಹಾಗೆ.

ಗಣಪತಿ ಹಬ್ಬದ ಮುಂಚೆ ಹುಬ್ಬಳ್ಳಿಯ ಒಂದು ಮಿಠಾಯಿ ಅಂಗಡಿಯಿಂದ ದೊಡ್ಡ ಆರ್ಡರು ಬಂತು. ಎಲ್ಲವೂ ಇಡೀ ಗೋಡಂಬಿಯೇ ಬೇಕು, ಒಂದು ತುಕಡಿಯೂ ಬೇಡ ಎಂದು ಅವರ ಷರತ್ತು. ಸೋಮವಾರ ಲಾರಿ ತುಂಬಬೇಕು. ನಸೀಬಾ ಮುಂದೆ ನಿಂತು ನೋಡದಿದ್ದರೆ ಅಲ್ಲಿ ಹೊಸ ಹುಡುಗಿಯರು ಎರಡನ್ನೂ ಕಲಸಿಬಿಡುತ್ತಾರೆ. ಎಷ್ಟು ಸಿಟ್ಟಿದ್ದರೂ ಅವಳ ಮೇಲೆ ನನಗೆ ಭರವಸೆ ಇತ್ತು. ಫೋನು ಬಾಯಿ ಹತ್ತಿರ ಹಿಡಿದು ಹೇಳಿದೆ: "ನಸೀಬಾ, ಸೋಮವಾರದ ಮಾಲಿಗೆ ನೀ ಮಾತ್ರ ಕೈ ಕೊಡಬ್ಯಾಡ."

ಉತ್ತರ ಬಂತು: "ತಮ್ಮ ಇಚ್ಛೆಯಂತೆ ಆಗಲಿ."

ಇದೆಂಥ ಮಾತು ಎಂದು ಒಂದು ಕ್ಷಣ ಅನಿಸಿತು. ಆದರೂ ಆಗಲಿ ಅಂದಿದ್ದಾಳಲ್ಲ, ಸಾಕು ಎಂದು ಬಿಟ್ಟೆ.

ಬುಧವಾರ ಹುಬ್ಬಳ್ಳಿಯವರು ಫೋನು ಮಾಡಿದರು. ಅವರು ಬೈದದ್ದನ್ನು ಇಲ್ಲಿ ಬರೆಯಲಾರೆ. ಡಬ್ಬಿ ತೆರೆದರೆ ಅರ್ಧಕ್ಕರ್ಧ ತುಕಡಿ. ಮಾಲನ್ನೆಲ್ಲ ತಿರುಗಿ ಕಳಿಸಿದರು. ಆ ಅಂಗಡಿಯನ್ನು ಹಿಡಿಯಲು ನಾನು ಎಷ್ಟು ಸಲ ಹುಬ್ಬಳ್ಳಿಗೆ ಅಲೆದಿದ್ದೆನೋ ನನಗೇ ಗೊತ್ತು. ಮಾಲು ತಂದಿಳಿಸಿದ ಲಾರಿ ಡ್ರೈವರ್ ಭರಮಪ್ಪ ಬೆಂಕಿಗೆ ಇನ್ನಷ್ಟು ಎಣ್ಣೆ ಸುರಿದ.

"ಸೋಮವಾರ ನಸೀಬಾ ಬಾಯಾರು ಶೆಡ್ಡಿನ ಬಾಗಲದಾಗ ನಿಂತಿದ್ರು ನೋಡ್ರಿ ಅಕ್ಕಾರ. ಹುಡಿಗ್ಯಾರು ತುಂಬೂದು ನೋಡಕೋತ ನಿಂತ್ರು, ಒಳಗ ಕಾಲ ಇಡಲಿಲ್ಲ. ಯಾಕ ಅಂತ ಕೇಳಿದೆ. ಬೆಳಗಾವಿ ಸಾಹೇಬರ ಆರ್ಡರ್ ಐತಿ ಅಂದ್ರು."

ನೋಡುತ್ತ ನಿಂತಳಂತೆ. ನನ್ನ ತಲೆ ಕೆಟ್ಟು ಮೊಸರು ಗಡಿಗೆಯಾಯಿತು. ಕೈ ಕೊಡಬೇಡ ಎಂದು ಬಾಯಿ ಬಿಟ್ಟು ಕೇಳಿಕೊಂಡರೂ ಬೇಕೆಂದೇ ಕೈ ಕೊಟ್ಟಳು, ಮೇಲೆ ನನ್ನನ್ನು ಸಾಹೇಬರು ಎಂದು ಆಡಿಕೊಂಡಳು. ಅದೇ ಗಳಿಗೆ ಆ್ಯಪ್ ತೆರೆದು ಅನಿಕೇತನಿಗೆ ದೂರು ಹೇಳಿದೆ. ನಸೀಬಾ ಬೇಕಂತ ಮಾಲು ಕೆಡಿಸಿದ್ದಾಳೆ, ಇನ್ನು ಆಕಿ ಕೂಡ ನನ್ನಿಂದ ಕೆಲಸ ಆಗುವುದಿಲ್ಲ ಎಂದೆ. ಬಾಯಿಗೆ ಬಂದ ಇನ್ನೂ ಒಂದೆರಡು ಮಾತು ಸೇರಿಸಿದೆ. ಎದುರಿಗೆ ಯಾರೂ ಇರಲಿಲ್ಲ, ತಡೆಯುವ ಮುಖ ಇರಲಿಲ್ಲ. ಬೆರಳು ಒತ್ತಿದರೆ ಹೋಗಿಬಿಟ್ಟಿತು.

ಗೋಡೆಯ ಆಚೆಯಿಂದ ಅನಿಕೇತನ ಉತ್ತರ ಬಂತು: "ಸೂಕ್ತ ಕ್ರಮ ಕೈಗೊಳ್ಳಲಾಗುವುದು."

ದೂರು ಕೊಟ್ಟರೆ ಸಿಟ್ಟು ಇಳಿಯಬೇಕಲ್ಲ. ಇಳಿಯಲಿಲ್ಲ. ಅವಳ ಮುಖದ ಮೇಲೆ ಹೊಡೆದ ಹಾಗೆ ನಾಲ್ಕು ಮಾತು ಆಡದೆ ನನಗೆ ಅನ್ನ ಇಳಿಯುವಂತಿರಲಿಲ್ಲ. ಮರುದಿನ ಬೆಳಿಗ್ಗೆ ರಜೆಯನ್ನೂ ಕೇಳದೆ ಖಾನಾಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನೇನು ಅನ್ನಬೇಕೆಂದು ಬಾಯಿಪಾಠ ಮಾಡಿಕೊಂಡೆ.

ಶೆಡ್ಡಿನೊಳಗೆ ಕಾಲಿಟ್ಟರೆ ನಸೀಬಾ ತಲೆ ಎತ್ತಿ ನೋಡಿದಳು. ಕಣ್ಣ ಕೆಳಗೆ ಕಪ್ಪಾಗಿತ್ತು, ಸೊರಗಿದ್ದಳು. ಪಕ್ಕದ ಹುಡುಗಿಗೆ, "ಬೆಳಗಾವಿಯಿಂದ ಸಾಹೇಬರು ಬಂದಾರ. ಖುರ್ಚಿ ಒರಿಸಿ ಹಾಕ" ಎಂದಳು.

"ಯಾಕ, ತಾವು ಕುಂದರೂದಿಲ್ಲೇನ್ರಿ?" ಎಂದೆ ನಾನು.

"ನಾವು ನಿಂತ ಕೆಲಸ ಮಾಡೂ ಮಂದಿ. ತಮ್ಮಂಗ ಕುಂತ ಹುಕುಮ್ ಮಾಡೂದು ಗೊತ್ತಿಲ್ಲ."

"ನಿಂತ ಕೆಲಸ ಮಾಡಿದ್ರ ಹುಬ್ಬಳ್ಳಿ ಮಾಲು ಯಾಕ ಕೆಡತಿತ್ತು? ಬಾಗಲದಾಗ ನಿಂತ ತಮಾಷಾ ನೋಡಿದಿ. ಕೈ ಕೊಡಬ್ಯಾಡ ಅಂತ ಹೇಳಿದ್ನಿಲ್ಲೋ ನಾ?"

"ಹೇಳಿದಿ. ಅದಕ್ಕ ನಿಂತೆ."

"ಏನಂದಿ?"

ನಸೀಬಾ ಹತ್ತಿರ ಬಂದಳು. "ನೀನ ಬರದಿ, ಕಾಂತಾ. ಇಷ್ಟ ವರ್ಷ ಈ ಕೈಲೇ ಮಾಡೇನಿ, ಈಗ ನನ್ನ ಕೈ ನಿನಗ ಹೊಲಸಾತು?"

ಅವಳು ಫೋನು ತೆಗೆದು ನನ್ನ ಮುಖದ ಮುಂದೆ ಹಿಡಿದಳು. ನನಗೆ ಹಿಂದಿ ಅಕ್ಷರ ಬರುತ್ತದೆ, ಮರಾಠಿ ತಿಳಿಯುತ್ತದೆ. ಕೂಡಿಸಿ ಕೂಡಿಸಿ ಓದಿದೆ. "ಸೋಮವಾರಚ್ಯಾ ಮಾಲಾಲಾ ಕೃಪಯಾ ಆಪಣ ಮಾತ್ರ ಹಾತ ದೇಊ ನಯೇ."

ಎರಡನೇ ಸಲ ಓದಿದಾಗ ತಿಳಿಯಿತು. ಕನ್ನಡದಲ್ಲಿ ಕೈ ಕೊಡುವುದೆಂದರೆ ನಡುನೀರಿನಲ್ಲಿ ಬಿಟ್ಟುಹೋಗುವುದು. ಮರಾಠಿಯಲ್ಲಿ ಹಾತ ಕೊಡುವುದೆಂದರೆ ನೆರವಾಗುವುದು. ಮೋಸ ಮಾಡಬೇಡ ಎಂದು ನಾನು ಕೇಳಿಕೊಂಡದ್ದು ಅವಳಿಗೆ "ದಯವಿಟ್ಟು ತಾವು ಮಾತ್ರ ನೆರವಾಗಬೇಡಿ" ಎಂದು ಮುಟ್ಟಿತ್ತು. ಅದೂ "ಆಪಣ" ಎನ್ನುವ ಮರ್ಯಾದೆಯ ಕೂಡ.

"ಅಯ್ಯ ನನ್ನ ಹಣೇಬಾರ" ಎಂದು ಅಲ್ಲಿದ್ದ ಚೀಲದ ಮೇಲೆ ಕುಳಿತುಬಿಟ್ಟೆ.

ನನ್ನ ಫೋನು ತೆಗೆದು ನಾನು ಆಡಿದ ಮಾತನ್ನು ಓದಿ ತೋರಿಸಿದೆ. ಅವಳು ತನ್ನ ಹಳೆಯ ಮಾತುಗಳನ್ನು ಓದಿದಳು. "ದಯವಿಟ್ಟು ತಾವು ಕಾಯಿರಿ" ಎಂದು ನನಗೆ ಬಂದದ್ದು ಅವಳ ಕಡೆ "ಥಾಂಬ ಗ" ಎಂದಿತ್ತು, ಅಂದರೆ ತಡಿಯೇ ಅಂತ. ನನ್ನ "ಖೋಡಿ" ಅವಳಿಗೆ ಮುಟ್ಟಿಯೇ ಇರಲಿಲ್ಲ. ಆ ಜಾಗದಲ್ಲಿ "ಮಾನನೀಯ" ಎಂದಿತ್ತು. ಮಾನನೀಯ ನಸೀಬಾ. ಅದನ್ನು ಓದಿ ಅವಳಿಗೆ ನಗು ಬಂತು, ನನಗೂ ಬಂತು. ನಗುತ್ತಲೇ ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ನಾ ತಿಳಕೊಂಡೆ, ಆಫೀಸಿನಾಗ ಕುಂತು ನಿನಗ ಸೊಕ್ಕು ಬಂದೈತಿ ಅಂತ" ಎಂದಳು.

"ನಾನೂ ಹಂಗ ತಿಳಕೊಂಡೆ" ಎಂದೆ.

ಅವಳು ಚಹಾ ತರಿಸಿದಳು. ನಾನು ಕಪ್ಪನ್ನು ಹಾಗೇ ಕೆಳಗಿಟ್ಟೆ. ನನ್ನ ದೂರು ಅನಿಕೇತನ ಬಳಿ ಕುಳಿತಿತ್ತು. ಅವಳ ಗಂಡ ಹೋದ ಮೇಲೆ ಮಗಳು ಮುಸ್ಕಾನಳ ಕಾಲೇಜು, ಅತ್ತೆಯ ಔಷಧ, ಮನೆಯ ಒಲೆ ಎಲ್ಲವೂ ಈ ಒಂದು ಕೆಲಸದ ಮೇಲೆಯೇ ನಿಂತಿವೆ ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಆ ಕೆಲಸಕ್ಕೆ ನಾನೇ ಕೊಡಲಿ ಹಾಕಿದ್ದೆ. ಅವಳಿಗೆ ತಿಳಿಯುವುದರೊಳಗೆ ದೂರನ್ನು ವಾಪಸ್ ತೆಗೆದುಕೊಂಡುಬಿಡಬೇಕು. ಅಷ್ಟಾದರೆ ಸಾಕೆಂದು ದೇವರಿಗೆ ಬೇಡಿಕೊಂಡೆ.

ಮೂತ್ರಕ್ಕೆ ಹೋಗುವ ನೆವ ಹೇಳಿ ಹೊರಗೆ ಬಂದು ಅನಿಕೇತನಿಗೆ ಫೋನು ಹಚ್ಚಿದೆ. ಕತ್ತರಿಸಿದ. ಮತ್ತೆ ಹಚ್ಚಿದೆ. ಮತ್ತೆ ಕತ್ತರಿಸಿ, "ಮೀಟಿಂಗ್‌ನಲ್ಲಿದ್ದೇನೆ, ಆ್ಯಪ್‌ನಲ್ಲಿ ಹಾಕಿ" ಎಂದು ಬರೆದ. ಆ್ಯಪಿನಲ್ಲಿ ಹೇಳಿದೆ: "ನಸೀಬಾಂದು ತಪ್ಪಿಲ್ಲ ಸರ್, ತಿಳಕೊಳ್ಳೂದ್ರಾಗ ಹೆಚ್ಚು ಕಮ್ಮಿ ಆಗೇತಿ, ನನ್ನ ದೂರು ವಾಪಸ್." ಕೂಡಲೇ ಉತ್ತರ: "ತಮ್ಮ ದೂರು ಪರಿಶೀಲನೆಯಲ್ಲಿದೆ. ತಾಳ್ಮೆಗೆ ಧನ್ಯವಾದಗಳು." ಅದು ಅವನು ಬರೆದದ್ದೋ, ಆ್ಯಪ್ ತಾನೇ ಬರೆದದ್ದೋ ಯಾರು ಬಲ್ಲರು. ಇನ್ನೊಮ್ಮೆ ಹೇಳಿದೆ. ಮತ್ತೆ ಅದೇ ಧನ್ಯವಾದ ಬಂತು. ಆ ಫೋನನ್ನು ಮಲಪ್ರಭಾ ಹೊಳೆಗೆ ಎಸೆದು ಬರೋಣ ಅನಿಸಿತು.

ಒಳಗೆ ಹೋಗಿ, "ನಡಿ ನಸೀಬಾ, ಬೆಳಗಾವಿಗೆ ಹೋಗೂಣು. ಈ ಆ್ಯಪಿನ ಹಣೇಬಾರ ಅನಿಕೇತನ ಮುಂದ ಇಬ್ಬರೂ ಕೂಡಿ ಹೇಳೂಣು" ಎಂದೆ.

"ಈಗ? ಕೆಲಸ ಬಿಟ್ಟು?"

"ಈಗ."

ಬಸ್ಸಿನಲ್ಲಿ ಅವಳು ಮಾತಾಡಿದ್ದೇ ಮಾತಾಡಿದ್ದು. ಇಡೀ ಮಳೆಗಾಲದ ಮಾತು ಸೇರಿತ್ತಲ್ಲ. ಎರಡು ಸಲ ನಾನು ದೂರಿನ ವಿಷಯ ತೆಗೆಯಲು ಬಾಯಿ ತೆರೆದೆ. ಎರಡು ಸಲವೂ ಅವಳು ನನ್ನ ಮೊಣಕಾಲ ಮೇಲೆ ಕೈ ಹಾಕಿ ಇನ್ನೇನೋ ಹೇಳಿದಳು. ನಾನು ಬಾಯಿ ಮುಚ್ಚಿಕೊಂಡೆ.

ಅನಿಕೇತನ ಕೋಣೆಗೆ ನುಗ್ಗಿದಾಗ ಅವನು ಲ್ಯಾಪ್‌ಟಾಪಿನ ಮುಂದೆ ಒಬ್ಬನೇ ಕುಳಿತಿದ್ದ. ಮೀಟಿಂಗೂ ಇರಲಿಲ್ಲ, ಏನೂ ಇರಲಿಲ್ಲ. ನಸೀಬಾಳನ್ನು ನೋಡಿದವನೇ ಮತ್ತೆ ಪರದೆಗೆ ಕಣ್ಣು ಹಾಕಿದ. ನಾನು ಎರಡೂ ಫೋನು ಮೇಜಿನ ಮೇಲಿಟ್ಟು ಕೈ ಕೊಡುವುದನ್ನೂ ಹಾತ ದೇಣೆಯನ್ನೂ ಹೇಳಿದೆ. ಅವನ ಮನೆಮಾತು ಮರಾಠಿ, ಕಲಿತದ್ದು ಇದೇ ಊರಲ್ಲಿ; ತಿಳಿಯದೆ ಇರುತ್ತದೆಯೇ. ತುಟಿಯ ಅಂಚಿನಲ್ಲಿ ನಕ್ಕ.

"ಅಪ್‌ಡೇಟ್ ಮಾಡಸೂಣ್ರಿ. ಕಂಪನಿಯವ್ರಿಗೆ ತಿಳಿಸ್ತೀನಿ" ಎಂದ.

"ಅಪ್‌ಡೇಟ್ ಆಮ್ಯಾಲ ಮಾಡ್ರಿ ಸರ್. ಈಕಿದು ಏನೂ ತಪ್ಪಿಲ್ಲ. ಅಷ್ಟ ತಿಳಕೊಂಡ್ರ ಸಾಕು" ಎಂದು ಕಣ್ಣಿನಲ್ಲೇ ಬೇಡಿಕೊಂಡೆ.

ಅವನು ನನ್ನ ಕಣ್ಣು ನೋಡಿದರೆ ತಾನೇ. "ಅದು ನಿನ್ನೆನ ಪ್ರೋಸೆಸ್ ಆಗೇತ್ರಿ" ಎಂದು ಗೊಣಗಿ ಏನೋ ಒತ್ತಿದ. ಮೇಜಿನ ಮೇಲಿದ್ದ ನಸೀಬಾಳ ಫೋನು ಟಣ್ ಎಂದಿತು.

ಎರಡು ಮೊಳ ದೂರದಲ್ಲಿ ನಿಂತ ಹೆಣ್ಣುಮಗಳಿಗೆ ಅವನು ಮೆಸೇಜು ಕಳಿಸಿದ್ದ.

ನಸೀಬಾ ಫೋನು ಎತ್ತಿಕೊಂಡು ಮೊದಲ ಸಾಲು ಓದಿದಳು. ಫೋನನ್ನು ನಿಧಾನವಾಗಿ ತಿರುಗಿಸಿ ಅವನ ಮುಂದೆ ಇಟ್ಟಳು.

"ಇದರ ಭಾಷಾ ನನಗ ತಿಳಿಯೂದಿಲ್ರಿ ಸರ್. ನೀವ ಓದಿ ಹೇಳ್ರಿ."

"ಮರಾಠಿನ ಐತಲ್ರಿ."

"ಹೌದ್ರಿ. ಆದ್ರ ಅದು ನನ್ನ ಮುಂದ ಕುಂತ ಮನಷ್ಯಾರ ಮಾತಲ್ಲ. ಬಾಯಿಲೇ ಹೇಳ್ರಿ."

ಅನಿಕೇತ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ಅವನು ಓದತೊಡಗಿದ. ತಮ್ಮ ಇಷ್ಟು ವರ್ಷಗಳ ಸೇವೆಗೆ ಕಂಪನಿ ಆಭಾರಿಯಾಗಿದೆ ಎಂದು ಓದಿದ. ಬೆಳಗಾವಿ ಕಚೇರಿಯ ಶ್ರೀಮತಿ ಕಾಂತಾ ಅವರ ಲಿಖಿತ ದೂರಿನ ಮೇರೆಗೆ ಎಂದು ಓದಿದ.

ನಸೀಬಾ ನನ್ನ ಕಡೆ ತಿರುಗಲಿಲ್ಲ. ತಿರುಗಿ ಒಂದು ಮಾತು ಬೈದಿದ್ದರೂ ನನಗೆ ಉಸಿರು ಬರುತ್ತಿತ್ತು. ಅವಳು ಅನಿಕೇತನ ಮುಖವನ್ನೇ ನೋಡುತ್ತ, "ಮುಂದ ಓದ್ರಿ" ಎಂದಳು.

"ನಾಳೆಯಿಂದ ತಾವು..." ಎಂದ ಅವನು. ಅಲ್ಲಿಗೆ ನಿಂತ. ಗಂಟಲು ಸರಿಮಾಡಿಕೊಂಡ. "ಇದು ಸಿಸ್ಟಮ್ ಬರದದ್ರಿ, ನಾ ಅಲ್ಲ."

"ಕೆಳಗ ನಿಮ್ಮ ಹೆಸರ ಐತಿ. ಓದ್ರಿ, ನಾಳೆಯಿಂದ ಏನು?"

ಅನಿಕೇತ ತಲೆ ಎತ್ತಿ ಅವಳನ್ನು ನೋಡಿದ, ಅವಳು ಕಣ್ಣು ತೆಗೆಯಲಿಲ್ಲ. ಅವನ ಕಿವಿ ಕೆಂಪಾದವು.

"ನಾಳೆ ಕೆಲಸಕ್ಕ ಬರ್ರಿ" ಎಂದ.

"ಕೇಳಸಲಿಲ್ರಿ."

"ನಾಳೆ ಎಂದಿನಂಗ ಕೆಲಸಕ್ಕ ಬರ್ರಿ ನಸೀಬಾ ಬಾಯಿ. ಇದನ್ನ ತಗದ ಹಾಕ್ತೀನಿ."

"ಆತ್ರಿ" ಎಂದು ಅವಳು ಫೋನು ಎತ್ತಿಕೊಂಡು ಹೊರಗೆ ನಡೆದಳು.

ನಾನು ಬೆನ್ನು ಹತ್ತಿ ಓಡಿದೆ. ಮೆಟ್ಟಿಲ ಮೇಲೆ ಅವಳನ್ನು ಹಿಡಿದೆ. ಕೆಲಸ ಉಳಿಯಿತಲ್ಲ ಎಂಬ ಸಮಾಧಾನ ಒಂದು ಕಡೆ, ಅವಳ ಬೆನ್ನು ನೋಡಿದ ಭಯ ಇನ್ನೊಂದು ಕಡೆ. "ಸಿಟ್ಟಿನಾಗ ಹಾಕಿದೆ ಬೇ. ಆಮ್ಯಾಲ ವಾಪಸ್ ತಗೋಳಾಕ ಎಷ್ಟ ಬಡಕೊಂಡೆ, ಆ ಮಶೀನು ಕೇಳಲಿಲ್ಲ. ನೀ ಕಂಡೀಯಲ್ಲ, ಅದು ನಾವು ಅಂದದ್ದನ್ನ ಏನೇನೋ ಮಾಡ್ತೈತಿ" ಎಂದು ಒಂದೇ ಉಸಿರಿಗೆ ಹೇಳಿದೆ.

ನಸೀಬಾ ನಿಂತಳು. ಗೋಡೆಗೆ ಬೆನ್ನು ಕೊಟ್ಟು ಮೆಟ್ಟಿಲ ಮೇಲೆ ಕುಳಿತಳು. ಬಾಜೂಕ್ಕೆ ನನಗೂ ಜಾಗ ಬಿಟ್ಟಳು.

"ಅನಿಕೇತಗ ಏನು ಮುಟ್ಟಿತೋ ಅದು ನನಗ ಬ್ಯಾಡ. ನಿನ್ನ ಫೋನಿನಾಗ ನೀ ಅಂದದ್ದ ಅಂದಂಗ ಇರ್ತೈತಿ. ಅದನ್ನ ಓದು."

"ಬ್ಯಾಡ ನಸೀಬಾ."

"ಓದು."

ನಾನು ಫೋನು ತೆಗೆದೆ. ಕನ್ನಡ, ನನ್ನದೇ ಕನ್ನಡ. ಯಂತ್ರದ ಒಂದು ಅಕ್ಷರವೂ ಅದರಲ್ಲಿ ಇರಲಿಲ್ಲ. ಬೇಕಂತ ಮಾಲು ಕೆಡಿಸ್ಯಾಳ ಎಂಬುದನ್ನು ಹೇಗೋ ಓದಿದೆ. ಆಕಿ ಕೂಡ ನನ್ನಿಂದ ಕೆಲಸ ಆಗೂದಿಲ್ಲ ಎಂಬುದನ್ನೂ ಓದಿದೆ. ಮುಂದಿನ ಸಾಲು ಕಣ್ಣಿಗೆ ಬಿತ್ತು. "ಬಾಯಿ ಸಿಹಿ, ಮನಸು ವಿಷ. ಗಂಡ ಸತ್ತಾಗ ನಾನ ಹಿಂದ ನಿಂತ ಈ ಕೆಲಸ ಕೊಡಿಸಿದೆ, ಆ ಉಪಕಾರ..."

ಮುಂದಿನದನ್ನು ಹೆಬ್ಬೆರಳಿನಿಂದ ಮುಚ್ಚಿದೆ. ಆ ಮಾತು ಆಡುವಾಗ ಅದು ಎಷ್ಟು ಸುಲಭವಾಗಿ ಬಂದಿತ್ತು. ಈಗ ಅವಳ ತೋಳು ನನ್ನ ತೋಳಿಗೆ ತಾಗುತ್ತಿತ್ತು.

"ಮುಂದ ಓದು, ಕಾಂತಾ" ಎಂದಳು ನಸೀಬಾ. "ಖಾನಾಪುರದ ಬಸ್ಸಿಗೆ ಇನ್ನಾ ಟೈಮ್ ಐತಿ."